ಬ್ರೇಕಿಗೆ ಕೀಲೆಣ್ಣೆ

ಎಪ್ಪತ್ತರ ದಶಕದಲ್ಲಿ ಅಣ್ಣಿಗೇರಿಯ ನಮ್ಮ ಮನೆಯೆದುರು, ಟ್ರ್ಯಾಕ್ಟರ್ ಟ್ರೇಲರುಗಳ ಬ್ರೇಕು, ದೀಪದ ವೈರು ಸರಿಮಾಡುವ ಮಿಸ್ತ್ರಿಯೊಬ್ಬರಿದ್ದರು. ಯಾವ ಗಾಡಿ ಬಂದರೂ ಮೊದಲು ಚಕ್ರಕ್ಕೆ ಕಲ್ಲು ಕೊಟ್ಟು, "ಓಡೂದು ಆಮ್ಯಾಲ, ನಿಂದರೂದು ಮದ್ಲ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಮದುವೆಯ ದಿಬ್ಬಣ ತುಂಬಿದ ಟ್ರೇಲರ್ ಬಂತು. ಬ್ರೇಕು ಹಿಡಿಯುತ್ತಿರಲಿಲ್ಲ. ಮಿಸ್ತ್ರಿ ಚಕ್ರದ ಒಳಬದಿಗೆ ಬೆರಳಾಡಿಸಿ ಮೂಸಿ ನೋಡಿದರು.

"ಇದಕ್ಕ ಕೀಲೆಣ್ಣಿ ಯಾರು ಹಾಕ್ಯಾರ?"

"ನಾನ ಹಾಕೀನಿ," ಎಂದರು ಟ್ರೇಲರಿನಲ್ಲಿ ಕುಳಿತಿದ್ದ ಮದುಮಗಳ ಕಾಕಾ. "ಕಿರಗುಡತಿತ್ತು. ಚಕ್ಕಡಿಗೆ ಹಾಕೂದಿಲ್ಲೇನು?"

"ಚಕ್ಕಡಿ ನಿಂದರಸಾಕ ಎತ್ತು ಅದಾವ್ರಿ. ಇದಕ್ಕ ಬ್ರೇಕ ಅಷ್ಟ. ಎಲ್ಲಾರೂ ಇಳೀರಿ, ತೊಳೀಬೇಕು."

ಮುಂದೆ ಹಳ್ಳದ ಇಳಿಜಾರಿತ್ತು. ಆದರೂ ಕಾಕಾ ಇಳಿಯಲಿಲ್ಲ. "ಅಕ್ಕಿಕಾಳಿನ ಮುಹೂರ್ತ ಮೀರಿದ್ರ, ಮಂದಿ ಮುಂದ ನಿನ್ನ ಹೆಸರು ಹೇಳತೀನಿ ನೋಡು."

"ಹೇಳ್ರಿ. ಹೇಳಾಕ ನೀವು ಇರಬೇಕಲ್ಲ?"

ಹೆಂಗಸರು ನಕ್ಕರು. ಮದುಮಗಳೇ ಮೊದಲು ಇಳಿದಳು, ಆಮೇಲೆ ಕಾಕಾ.

ಮಿಸ್ತ್ರಿ ಎರಡೂ ಚಕ್ರ ಬಿಚ್ಚಿ, ಬ್ರೇಕಿನ ಪಟ್ಟಿಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ ಕೂಡಿಸಿದರು. ದಿಬ್ಬಣ ಅಕ್ಕಿಕಾಳಿಗೆ ಮುಟ್ಟಿತೋ ಇಲ್ಲವೋ ನನಗೆ ತಿಳಿಯದು. ಮಿಸ್ತ್ರಿ ಹೇಳಿಕೊಟ್ಟಂತೆ ಡ್ರೈವರ್ ಇಳಿಜಾರಿನ ನಡುವೆ ಒಮ್ಮೆ ಗಾಡಿ ನಿಲ್ಲಿಸಿ, ಮತ್ತೆ ಹೊರಟ. ಅಲ್ಲಿಯವರೆಗೆ ರಸ್ತೆಯಲ್ಲೇ ನೋಡುತ್ತ ನಿಂತಿದ್ದ ಮಿಸ್ತ್ರಿ ಆಮೇಲೆ ಒಳಗೆ ಹೋಗಿ ಕೈ ತೊಳೆದುಕೊಂಡರು.