ಹೊಳೆಯ ದಾರಿಯಲ್ಲಿ ತವರಿಗೆ

ಬೆಳಿಗ್ಗೆ ಎದ್ದು ಬೂಟು ಹಾಕಿಕೊಂಡು ನಡೆಯಲು ಹೋಗುವ ನೀವು, "ಅಜ್ಜಿ, ನಿನ್ನ ಕಾಲದಲ್ಲಿ ವಾಕಿಂಗ್ ಇತ್ತಾ?" ಎಂದು ಕೇಳಿದಿರಿ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದು ನನಗೆ ಇವತ್ತಿಗೂ ಬರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇದೆ, ಅದರಲ್ಲೇ ಬರೆಯುತ್ತೇನೆ.

ನಿಮ್ಮ ತಾತ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದರು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಜ್ವರ ಬಂದು ತೀರಿಕೊಂಡರು. ನಿಮ್ಮಮ್ಮನಿಗೆ ಆಗಿನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ನಾನು ಅತ್ತೆಯ ಮನೆಯಲ್ಲೇ ಉಳಿದು ರಾಟೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಕೂತೆ. ರಾಟೆ ತಿರುಗುವಾಗ ಮಗು ನೂಲಿಗೆ ಕೈ ಹಾಕುತ್ತಿತ್ತು. ಸ್ವಲ್ಪ ದಿನದ ಮಟ್ಟಿಗೆ ಎಂದು ಅವಳನ್ನು ತವರಿನಲ್ಲಿ, ನನ್ನ ತಾಯಿಯ ಹತ್ತಿರ ಬಿಟ್ಟೆ. ತವರು ಅರ್ಕಾವತಿ ಹೊಳೆಯ ದಂಡೆಯ ಹಳ್ಳಿ. ನೆಲಮಂಗಲದ ಕಡೆ ಹೋಗುವ ಬಸ್ಸು ಹತ್ತಬೇಕು. ಮಗ್ಗಕ್ಕೆ ರಜೆಯಿರುವ ದಿನ ಹೋಗಿ ಮಗುವನ್ನು ನೋಡಿಕೊಂಡು ಸಂಜೆ ಬಸ್ಸಿಗೆ ಹಿಂತಿರುಗುತ್ತಿದ್ದೆ.

ಬಸ್ಸು ಊರ ಮುಂದೆ ಆಂಜನೇಯನ ಗುಡಿಯ ಎದುರಿಗೇ ನಿಲ್ಲುತ್ತಿತ್ತು. ಮೊದಲ ಸಲ ಅಲ್ಲೇ ಇಳಿದೆ. ಹೆಗಲ ಮೇಲೆ ನೇಗಿಲು ಹೊತ್ತು ಹೊಲಕ್ಕೆ ಹೊರಟಿದ್ದ ಒಬ್ಬರು ನನ್ನನ್ನು ಕಂಡು ನಿಂತರು. ತಿರುಗಿ ಮನೆಗೆ ಹೋದರು. ಗಂಡ ಸತ್ತವಳು ಎದುರಾದರೆ ಮನೆಗೆ ಹೋಗಿ ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಹೊರಡುವುದು ಆಗಿನ ವಾಡಿಕೆ.

ಆ ಸಂಜೆ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ಇನ್ಮೇಲೆ ಗುಡಿ ಮುಂದೆ ಇಳೀಬ್ಯಾಡ ಕಣವ್ವ. ಹಿಂದಿನ ಸ್ಟಾಪ್‌ನಲ್ಲೇ ಇಳ್ದು ಹೊಳೆ ದಾರೀಲಿ ಬಾ. ಹೊತ್ತೇರಿದ್ಮೇಲೆ ಎಲ್ರೂ ಹೊಲ್ದಲ್ಲಿರ್ತಾರೆ. ಹಿತ್ಲು ಬಾಗ್ಲು ತೆಗ್ದಿರ್ತೀನಿ."

"ಹೂಂ" ಎಂದೆ. ಬೇಸರವಾಯಿತೇ ಎಂದು ನೀವು ಕೇಳಬಹುದು. ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ಸಾರಿಗೆ ಉಪ್ಪು ಹಾಕಿದೆಯೋ ಇಲ್ಲವೋ ಎಂದು ಬೇರೆಯವರೇ ಹೇಳಬೇಕಾಗಿತ್ತು.

ನನ್ನ ನಡಿಗೆ ಶುರುವಾದದ್ದು ಹೀಗೆ. ಬಸ್ಸು ಒಂದು ಹೊಂಗೆಮರದ ಕೆಳಗೆ ಇಳಿಸಿ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ರಾಗಿ ಹೊಲದ ಬದುವಿನ ಮೇಲೆ ನಡೆದು ಕೆಳಗಿಳಿದರೆ ಹೊಳೆ. ಮಳೆ ಬಂದಾಗ ಕೆಂಪು ನೀರು ಹರಿಯುತ್ತಿತ್ತು, ಮಿಕ್ಕ ದಿನ ಬರೀ ಮರಳು, ಒಂದು ಅಂಚಿನಲ್ಲಿ ತೆಳ್ಳಗೆ ಹರಿವು. ಹೆಂಗಸರು ಮರಳಲ್ಲಿ ಒರತೆ ತೋಡಿ ತೆಂಗಿನ ಚಿಪ್ಪಿನಿಂದ ಕೊಡ ತುಂಬಿಸುತ್ತಿದ್ದರು. ಅವರನ್ನು ಕಂಡರೆ ನಾನು ಈಚಲು ಮರಗಳ ಮರೆಗೆ ಸರಿದು ನಡೆಯುತ್ತಿದ್ದೆ. ಹುಚ್ಚೆಳ್ಳು ಹೂಬಿಟ್ಟಾಗ ದಂಡೆಯ ಹೊಲಗಳೆಲ್ಲ ಹಳದಿ. ಹಳದಿ ಎಂದು ತಿಳಿಯಿತು, ಅಷ್ಟೇ. ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಆ ದಾರಿಯಲ್ಲಿ ನನ್ನನ್ನು ಮಾತಾಡಿಸುತ್ತಿದ್ದವಳು ಒಬ್ಬಳೇ, ನಮ್ಮೂರಿನ ಮೇಕೆ ಕಾಯುವ ಮುದುಕಿ.

"ಬಸ್ಸು ಊರ್ಗಂಟ ಹೋಗ್ತೈತೆ, ನೀನ್ಯಾಕವ್ವ ಮಳ್ಳಲ್ಲಿ ಕಾಲು ಸುಟ್ಕಂತೀಯ? ಟಿಕೀಟಿನ ಕಾಸು ಉಳ್ಸಿ ಬಂಗ್ಲೆ ಕಟ್ತೀಯಾ?"

ಅವಳು ನನ್ನ ಹಣೆ ನೋಡಿದಳು. "ಓ, ಅದಾ! ನಾನೂ ನಿನ್ ಥರಾನೇ ಕಣೇ. ನಂಗೆ ಮೇಕೆ ಅಡ್ಡ ಐತೆ. ಜನ ಮೇಕೆ ಎಲ್ಲಿ ಬೆಳೆಗೆ ಬಾಯಿ ಹಾಕ್ತೈತೋ ಅಂತ ಅದನ್ನೇ ನೋಡ್ತಾರೆ, ನನ್ನ ಮಕ ಯಾರ್ ನೋಡ್ತಾರೆ? ನೀನೂ ಒಂದೆರಡು ಮೇಕೆ ಹಿಡ್ಕಂಡು ಬಸ್ ಹತ್ತು!"

ಹಿತ್ತಲ ಬಾಗಿಲಿನಿಂದ ಒಳಗೆ ಹೋದರೆ ಮೊದಮೊದಲು ನಿಮ್ಮಮ್ಮ ಓಡಿ ಬರುತ್ತಿದ್ದಳು. ಆಮೇಲೆ ನನ್ನ ಅತ್ತಿಗೆಯ, ಎಂದರೆ ಅಣ್ಣನ ಹೆಂಡತಿಯ, ಸೆರಗಿನ ಹಿಂದೆ ನಿಂತು ನೋಡುವುದು ಕಲಿತಳು. ಅತ್ತಿಗೆಯನ್ನು ಅಮ್ಮ ಎನ್ನುತ್ತಿದ್ದಳು. "ಯಾರು ಬಂದ್ರು ನೋಡು?" ಎಂದು ಕೇಳಿದರೆ ನನ್ನ ಕಡೆ ಕೈ ತೋರಿಸಿ "ಹೊಳೆ ಅಮ್ಮ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ. ಒಂದು ಮಧ್ಯಾಹ್ನ ಎಲ್ಲರೂ ಕೂತು ಅವರೆಕಾಯಿ ಸುಲಿಯುವಾಗ ಅಣ್ಣ ಶುರು ಮಾಡಿದ.

"ಮಗು ನಮ್ಮನ್ನ ಹಚ್ಕೊಂಡ್ಬಿಟ್ಟೈತೆ. ನಮ್ಗೇ ಕೊಟ್ಬಿಡು. ನೀನು ಆ ರಾಟೆ ಮುಂದೆ ಕೂತು ಅದನ್ನ ಹೆಂಗ್ ಸಾಕ್ತೀಯ?"

"ಬಂದು ನೋಡ್ಕೊಂಡು ಹೋಗ್ತಿರು. ಬ್ಯಾಡ ಅಂತೀವಾ?" ಎಂದಳು ಅತ್ತಿಗೆ. ಅವಳು ಸುಲಿದ ಕಾಳು ಮೊರದ ಆಚೆ ಬೀಳುತ್ತಿದ್ದವು.

ನಾನು ತಲೆ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಗಳು ಮಾತಾಡದೆ ಇದ್ದರೆ ಒಪ್ಪಿದಳು ಎಂದೇ ಲೆಕ್ಕ. ನನ್ನ ಮದುವೆಯೂ ಹಾಗೇ ಗೊತ್ತಾಗಿದ್ದು. ಅಣ್ಣ ಎದ್ದು ಪಂಚಾಂಗ ನೋಡಿಸಲು ಹೋದ. ಬಂದವನು ಮುಂದಿನ ಶುಕ್ರವಾರ ಮಡಿಲಿಗೆ ಹಾಕುವ ಶಾಸ್ತ್ರ ಎಂದ. ಮಗುವನ್ನು ಎತ್ತಿ ಅತ್ತಿಗೆಯ ಮಡಿಲಿಗೆ ಇಟ್ಟರೆ ಅವತ್ತಿನಿಂದ ಅವಳ ಮಗಳು.

ನಾನು ಅಮ್ಮನನ್ನು ಕೇಳಿದೆ: "ಶುಕ್ರವಾರ ನಾನು ಯಾವ ಬಸ್ಸಿಗೆ ಬರ್ಲಿ?"

ಅಮ್ಮ ಮೊರ ಕೊಡವುತ್ತಾ ಹೇಳಿದಳು: "ನೀನು ಬರ್ಬೇಕು ಅಂತೇನಿಲ್ಲ ಕಣವ್ವ. ಮಂಗಳಕಾರ್ಯ. ನಿಮ್ಮಪ್ಪ, ನಾನು ಎತ್ತಿ ಹಾಕ್ತೀವಿ."

ನನ್ನ ಮಗುವನ್ನು ಕೊಡುವುದಕ್ಕೂ ನನ್ನ ಕೈ ಬೇಕಿರಲಿಲ್ಲ. ಆಗಲೂ ಅಳು ಬರಲಿಲ್ಲ. ಕೈ ತೊಳೆದುಕೊಂಡೆ.

ಸಂಜೆ ನಾನು ಹೊರಟಾಗ ಮಗು ನನ್ನ ಜೊತೆ ಹೊಳೆಯಲ್ಲಿ ಮೇಕೆಗಳು ಇರುವ ಜಾಗದ ತನಕ ಬರುವುದು ರೂಢಿಯಾಗಿತ್ತು. ಅಲ್ಲಿಂದ ಮುದುಕಿ ಅವಳನ್ನು ಮೇಕೆಗಳ ಜೊತೆ ಊರಿಗೆ ಹೊಡೆದುಕೊಂಡು ಹೋಗುತ್ತಿದ್ದಳು. ಅವತ್ತೂ ಮಗು ಜೊತೆಗೆ ಬಂತು. ಮೇಕೆಗಳು ಸಿಕ್ಕವು. ನಾನು ನಿಲ್ಲಲಿಲ್ಲ. ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೆ ಎಂದು ಹೇಳಿದರೆ ಸುಳ್ಳಾದೀತು. ಕಾಲು ನಡೆಯುತ್ತಿತ್ತು, ಮಗುವಿನ ಕೈ ನನ್ನ ಕೈಯಲ್ಲಿತ್ತು.

"ಲೇ ಅವ್ವ, ಕೂಸ್ನ ಇಲ್ಲೇ ಬಿಡು, ಹೊತ್ತಾಯ್ತು!" ಮುದುಕಿ ಕೂಗಿದಳು.

"ಕರ್ಕೊಂಡ್ ಹೋಗ್ತೀನಿ. ಮನೇಲಿ ಹೇಳ್ಬಿಡಿ" ಎಂದೆ. ನನ್ನ ದನಿ ಆಚೆ ದಂಡೆಗೂ ಕೇಳುವಷ್ಟು ಜೋರಾಗಿತ್ತು.

"ಹೇಳೋಕೆ ನಾನೇ ಸಿಕ್ಕಿದ್ನಾ? ನಿಮ್ಮಣ್ಣ ಮೇಕೆ ಸಮೇತ ನನ್ನ ಹೊಳೆಗೆ ನೂಕ್ತಾನೆ!" ಎಂದವಳು ನನ್ನ ಮುಖ ನೋಡಿದಳು. "ಹೋಗು, ಹೋಗು. ಬಸ್ ಬರೋ ಹೊತ್ತು. ಎತ್ಕೊ ಅದನ್ನ, ನಡ್ಸಬ್ಯಾಡ."

ಎತ್ತಿಕೊಂಡೆ. ಬಸ್ಸಿನಲ್ಲಿ ಮಗು ಕಿಟಕಿಯ ಸರಳು ಹಿಡಿದು ನಿಂತು, "ಅಮ್ಮ ಬರಲ್ವಾ?" ಎಂದು ಕೇಳಿತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಹೇಳ್ದೆ ಕೇಳ್ದೆ ಕರ್ಕೊಂಡ್ ಬಂದ್ಯಾ?"

"ಹೂಂ."

"ರಾಟೆ ಹತ್ರ ಬಿಡ್ಬ್ಯಾಡ" ಎಂದು ಹಾಲು ಕಾಯಿಸಲು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಅಣ್ಣ ಒಂದು ಚೀಲ ಹಿಡಿದುಕೊಂಡು ಬಂದ. ಅದನ್ನು ಜಗಲಿಯ ಮೇಲಿಟ್ಟ. "ಬಾಯ್ಬಿಟ್ಟು ಬ್ಯಾಡ ಅಂದಿದ್ರೆ ನಾವೇನು ಕಿತ್ಕೊತಿದ್ವಾ?" ಎಂದ. ಕಾಫಿಗೆ ನಿಲ್ಲದೆ ಹೊರಟುಹೋದ.

ಚೀಲದಲ್ಲಿ ಮಗುವಿನ ಬಟ್ಟೆಗಳಿದ್ದವು, ಅತ್ತಿಗೆ ಒಗೆದು ಮಡಿಸಿದ್ದಳು. ಶುಕ್ರವಾರದ ಶಾಸ್ತ್ರಕ್ಕೆಂದು ತರಾತುರಿಯಲ್ಲಿ ಹೊಲಿಯಲು ಶುರು ಮಾಡಿದ್ದ ಹಸಿರು ಲಂಗವನ್ನೂ ಇಟ್ಟಿದ್ದಳು. ಅಂಚು ಇನ್ನೂ ಹೊಲಿದಿರಲಿಲ್ಲ. ಸೂಜಿ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು. ನಾನು ಕೂತು ಅಂಚು ಮುಗಿಸಿದೆ.

ನಿಮ್ಮಮ್ಮ ಆ ಲಂಗ ಹಾಕಿಕೊಂಡು ಬೀದಿಯಲ್ಲಿ ಆಡುತ್ತಿದ್ದಳು. ಬಿದ್ದು ಅಳುವಾಗ "ಅಮ್ಮಾ" ಎಂದು ಕರೆಯುತ್ತಿದ್ದದ್ದು ಬಹಳ ದಿನ ಅತ್ತಿಗೆಯನ್ನೇ. ರಾಟೆ ಬಿಟ್ಟು ನಾನು ಎದ್ದು ಹೋಗುತ್ತಿದ್ದೆ.