ಒಣಗೋದು ಬ್ಯಾರೆ, ಹಿಡಿಯೋದು ಬ್ಯಾರೆ

ಹರಿಹರದ ನಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹಾಳೆಗೆ ಲೇಪ ಬಳಿದು ಸುರುಳಿ ಸುತ್ತುತ್ತಾರೆ. ಲೇಪ ಗಟ್ಟಿಯಾಗಿ ಕಚ್ಚಿಕೊಂಡಿದೆಯೇ ಎಂದು ಪರೀಕ್ಷಿಸಿ ಬರೆಯುವುದು ನನ್ನ ಕೆಲಸ. ನಿಟ್ಟುವಳ್ಳಿಯಿಂದ ಬಸ್ಸು ಹಿಡಿದು ಬಂದ ಮೊದಲ ವಾರವೇ ಬೆಪ್ಪುತನ ಮಾಡಿದೆ. ಬೆರಳಿಗೆ ಅಂಟಲಿಲ್ಲವೆಂದು ಒಂದು ಸುರುಳಿಯನ್ನು ಪಾಸು ಮಾಡಿಬಿಟ್ಟೆ. ಲೇಪ ಒಣಗಿಸುವ ಬಿಸಿಗಾಳಿಯ ಓವನ್ ನೋಡಿಕೊಳ್ಳುತ್ತಿದ್ದ, ನಾವೆಲ್ಲ ಯಜಮಾನರು ಎಂದೇ ಕರೆಯುತ್ತಿದ್ದ ಆವರಗೆರೆಯ ಹಿರಿಯ ಕೆಲಸಗಾರರು ಅದರ ಮೇಲೆ ಟೇಪು ಅಂಟಿಸಿ ಸರ್ರನೆ ಕಿತ್ತರು. ಲೇಪವೆಲ್ಲ ಟೇಪಿಗೇ ಬಂತು.

"ಒಣಗೋದು ಬ್ಯಾರೆ, ಹಿಡಿಯೋದು ಬ್ಯಾರೆ, ತಂಗಿ" ಎಂದರು.

ಓವನ್ನಿಗೆ ಅವರು ಭಟ್ಟಿ ಎನ್ನುತ್ತಿದ್ದರು, ಮಂಡಕ್ಕಿ ಹುರಿಯುವವರ ಹಾಗೆ. ಬೆಳಿಗ್ಗೆ ಅದು ಕಾಯುವವರೆಗೆ ಯಾರು ಅವಸರ ಮಾಡಿದರೂ "ತಡ್ರಿ" ಎನ್ನುವುದೊಂದೇ ಉತ್ತರ. ನನಗೂ ಎಷ್ಟೋ ಸಲ ಸಿಟ್ಟು ಬಂದಿದೆ.

ಆಮೇಲೆ ಯುವಿ ದೀಪದ ಯಂತ್ರ ಬಂತು. ಅದಕ್ಕೆ ಲೇಪವೂ ಬೇರೆ. ಕಾಯಿಸುವ ರಗಳೆಯಿಲ್ಲ, ಹಾಳೆ ದೀಪದಡಿ ಹಾಯ್ದರೆ ಮುಗಿಯಿತು, ಬೆಳಕಿಗೇ ಲೇಪ ಗಟ್ಟಿಯಾಗುತ್ತದೆ. ಎರಡನ್ನೂ ಹೋಲಿಸಿ ಬರೆಯಿರಿ, ಸರಿ ಕಂಡದ್ದೊಂದನ್ನು ಇಟ್ಟುಕೊಳ್ಳೋಣ ಎಂದರು ಮ್ಯಾನೇಜರು. ಭಟ್ಟಿ ಹೋದರೆ ಯಜಮಾನರು ಪ್ಯಾಕಿಂಗಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಎರಡೂ ಹಾಳೆಗಳ ಮೇಲೆ ಬ್ಲೇಡಿನಿಂದ ಚೌಕಳಿ ಗೀರಿ, ಟೇಪು ಅಂಟಿಸಿ ಕಿತ್ತೆ. ಭಟ್ಟಿಯದು ಅಲುಗಲಿಲ್ಲ. ದೀಪದ್ದು ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಖುಷಿಯಾಯಿತು, ಮುಚ್ಚಿಡುವುದೇನು! ಲಗುಬಗೆಯಿಂದ ಪೆನ್ನು ತೆಗೆದೆ. ಯಜಮಾನರು ಮಾತ್ರ ಆರಿಸಿದ್ದ ದೀಪದ ಗೂಡಿನೊಳಗೆ ಇಣುಕುತ್ತಿದ್ದರು.

"ತಡಿ, ಬರೀಬ್ಯಾಡ. ದೀಪದ ಹಿಂದಿನ ಕನ್ನಡಿ ಮ್ಯಾಲೆ ಧೂಳು ಕುಂತೈತೆ. ಬೆಳಕು ಪೂರಾ ಬಿದ್ದಿಲ್ಲ. ಒರೆಸಿ ಇನ್ನೊಂದ್ಸಲ ನೋಡು."

ಒರೆಸಿದವರೂ ಅವರೇ. ಈ ಸಲ ದೀಪದ ಹಾಳೆಯಿಂದ ಒಂದು ಚೂರೂ ಏಳಲಿಲ್ಲ.

"ನಿಮ್ಮ ಕಾಲ ಮ್ಯಾಲೆ ನೀವೇ ಕಲ್ಲು ಹಾಕ್ಕಂಡ್ರಲ್ರಿ!" ಎಂದು ರೇಗಿದೆ. "ಸುಮ್ನಿದ್ದಿದ್ರೆ ಏನಾಗ್ತಿತ್ತು?"

"ಭಟ್ಟಿ ಉಳೀತಿತ್ತು" ಎಂದರು ಕೈ ಒರೆಸಿಕೊಳ್ಳುತ್ತ. "ಬರಿ ಈಗ."

ಬರೆದೆ. ಹಿಡಿತ ಎರಡರದೂ ಸಮ, ದೀಪದ್ದು ಬೇಗ. ಆ ತಿಂಗಳೇ ಭಟ್ಟಿ ನಿಂತಿತು.

ಯಜಮಾನರು ಈಗ ಪ್ಯಾಕಿಂಗಿನಲ್ಲಿದ್ದಾರೆ. ನನ್ನ ಸಹಿ ಇರುವ ಸುರುಳಿಗಳಿಗೆ ಕಾಗದ ಸುತ್ತುತ್ತಾರೆ. ಒಂದಕ್ಕೂ ಟೇಪು ಅಂಟಿಸಿ ನೋಡುವುದಿಲ್ಲ. ಯಾಕೆ ನೋಡಲ್ಲ ಎಂದು ಒಮ್ಮೆ ಕೇಳಿದೆ.

"ನೀನು ನೋಡಿರ್ತಿಯಲ್ಲ, ಮತ್ಯಾಕ?" ಎಂದರು.

ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಆ ದಿನ ಕನ್ನಡಿಯ ಮೇಲಿನ ಧೂಳನ್ನು ಅವರಿಗಿಂತ ಮೊದಲೇ ನಾನು ನೋಡಿದ್ದೆ. ಅದನ್ನು ಇವತ್ತಿಗೂ ಅವರಿಗೆ ಹೇಳಿಲ್ಲ.