ಕೊನೆಯ ಒಂದು ಫರ್ಲಾಂಗು

ಇದನ್ನು ಬರೆಯುತ್ತೇನೆ ಎಂದಾಗ ಮಗ ನಕ್ಕ. ಅಪ್ಪನ ಮಾನ ಕಳೀಬೇಡಮ್ಮ ಎಂದ. ಅವನ ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಕಳೆಯುವ ಮಾನವನ್ನು ಅವರು ಬದುಕಿದ್ದಾಗಲೇ ಕಳೆದಿದ್ದೇನೆ, ಅಜ್ಜಂಪುರದಲ್ಲಿ, ಹಾಡಹಗಲು, ಮನೆಮಂದಿಯೆಲ್ಲ ನೋಡುತ್ತಿರುವಾಗ. ಅದಕ್ಕೆ ಆಗ ಸಾರಿ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

ನನಗೆ ಡ್ರೈವಿಂಗ್ ಕಲಿಸಿದ್ದು ನನ್ನ ತಂದೆ. ಅವರು ಡಾಕ್ಟರು. ಕಣ್ಣು ಮಂಜಾಗುತ್ತಾ ಬಂದಾಗ ಅವರನ್ನು ಪೇಷಂಟುಗಳ ಮನೆಗೆ ಕರೆದುಕೊಂಡು ಹೋಗಲು ನಮ್ಮಲ್ಲಿ ಗಂಡುಮಕ್ಕಳಿರಲಿಲ್ಲ, ನಾನಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ವರ್ಷಗಟ್ಟಲೆ "ಸಿಟ್ ಅಪ್ ಸ್ಟ್ರೇಟ್, ಗರ್ಲ್ಸ್" ಎಂದು ಹೇಳಿ ಹೇಳಿ ನೆಟ್ಟಗೆ ಮಾಡಿದ್ದ ಬೆನ್ನು ಸ್ಟಿಯರಿಂಗ್ ಮುಂದೆ ಕೂತಾಗ ಉಪಯೋಗಕ್ಕೆ ಬಂತು. ಹತ್ತೊಂಬತ್ತಕ್ಕೆ ಲೈಸೆನ್ಸ್ ಆಯಿತು. ಇಪ್ಪತ್ತೊಂದಕ್ಕೆ ಮದುವೆಯಾಯಿತು.

ನಮ್ಮವರು ಕಾಲೇಜಿನಲ್ಲಿ ಜಿಯಾಗ್ರಫಿ ಲೆಕ್ಚರರ್. ದೇಶದ ಯಾವ ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ನಾವು ಬೂದುಬಣ್ಣದ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಅವರೂ ಹೇಗೋ ಒಂದು ಲೈಸೆನ್ಸ್ ಮಾಡಿಸಿಕೊಂಡರು. ಮೂರನೆಯ ದಿನ ನಮ್ಮ ಗೇಟಿನಲ್ಲೇ ಹಾಲಿನವನ ಸೈಕಲ್ಲಿಗೆ ತಗುಲಿಸಿದರು. ಹಾಲು ಚೆಲ್ಲಿತು, ಮನುಷ್ಯನಿಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವರು ಎಡಗಡೆಯ ಸೀಟಿನಲ್ಲಿ ಮ್ಯಾಪ್ ಹಿಡಿದು ಕೂತರು. ನನಗೇನೂ ಬೇಜಾರಿರಲಿಲ್ಲ. ಮೈಸೂರಿನಲ್ಲಿ ಯಾರೂ ಅದನ್ನು ಒಂದು ವಿಷಯವೆಂದು ಎಣಿಸಲೂ ಇಲ್ಲ.

ತೊಂದರೆಯೆಂದರೆ ಅವರು ಅಜ್ಜಂಪುರದ ದೊಡ್ಡಪ್ಪನಿಗೆ ಬರೆದ ಕಾಗದ. ಕಾರು ತಗೊಂಡಿದ್ದೇನೆ, ಬೇಸಿಗೆ ರಜಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಾನೇ ಓಡಿಸಿಕೊಂಡು ಬರುತ್ತೇನೆ ಎಂದು ಬರೆದುಬಿಟ್ಟಿದ್ದರು. ಇದು ನನಗೆ ಗೊತ್ತಾದದ್ದು ಕಡೂರಿನ ರೈಲ್ವೆ ಗೇಟಿನ ಹತ್ತಿರ.

ಮೈಸೂರಿನಿಂದ ಬೆಳಿಗ್ಗೆ ಐದಕ್ಕೆ ಹೊರಟವರು ನಾವು. ಚನ್ನರಾಯಪಟ್ಟಣದಲ್ಲಿ ತಿಂಡಿಯಾಯಿತು. ಅರಸೀಕೆರೆಗೆ ಮುಂಚೆ ಮಗ ಎರಡು ಸಲ ವಾಂತಿ ಮಾಡಿದ. ಅವನಿಗಾಗ ಆರು ವರ್ಷ, ಮೂಸುತ್ತಿರಲಿ ಎಂದು ಕೈಗೊಂದು ನಿಂಬೆಹಣ್ಣು ಕೊಟ್ಟಿದ್ದೆ, ಅದನ್ನೂ ಕಚ್ಚಿ ತಿಂದಿದ್ದ. ಬಾಣಾವರದಲ್ಲಿ ರೇಡಿಯೇಟರ್ ಕುದಿಯಿತು. ಒಂಬತ್ತು ವರ್ಷದ ಮಗಳು ಹಿಂದಿನ ಸೀಟಿನಿಂದ ನನ್ನ ಹೆಗಲ ಮೇಲೆ ಗದ್ದವಿಟ್ಟು ಮೈಲಿಗಲ್ಲುಗಳನ್ನು ಓದುತ್ತಾ ಬಂದಳು. ಕಡೂರು ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ನಮ್ಮವರು ಮ್ಯಾಪ್ ಮಡಿಸಿದರು.

"ನಿಲ್ಸು ಕಣೇ. ಇಲ್ಲಿಂದ ನಾನ್ ತಗೋತೀನಿ."

ಯಾಕೆ ಎಂದೆ. ಆಗ ಕಾಗದದ ವಿಷಯ ಹೊರಬಿತ್ತು. ದೊಡ್ಡಪ್ಪ ಅದನ್ನು ದಾರಿಯಲ್ಲಿ ನಾವು ಇಳಿದುಕೊಳ್ಳುವ ನೆಂಟರಿಗೆಲ್ಲ ತಿಳಿಸಿಬಿಟ್ಟಿದ್ದರಂತೆ. ಒಂದೇ ಫರ್ಲಾಂಗು, ಮನೆ ಬಾಗಿಲವರೆಗೆ ಅಷ್ಟೇ ಎಂದರು. ಮುಂದಿನದು ಉದ್ದನೆಯ ಒಂದೇ ಸೀಟು. ಅವರು ಜರುಗಿ ನನ್ನ ಜಾಗಕ್ಕೆ ಬಂದರು, ನಾನು ಇಳಿದು ಸುತ್ತು ಹಾಕಿ ಎಡಗಡೆ ಹತ್ತಿದೆ. ತಲೆಯ ಮೇಲೆ ಕೊಡ ಹೊತ್ತವರ ಹಾಗೆ ಕುತ್ತಿಗೆ ಬಿಗಿಹಿಡಿದು, ಒಂದನೇ ಗೇರಿನಲ್ಲೇ ಎಂಜಿನ್ನನ್ನು ನರಳಿಸುತ್ತಾ ಅವರ ಸೋದರಮಾವನ ಮನೆ ಮುಟ್ಟಿಸಿದರು.

ಮಾವನಿಗೆ ಕೊಬ್ಬರಿ ಮಂಡಿ. ಬಾಗಿಲಲ್ಲೇ ಒಂದು ಹಿತ್ತಾಳೆ ಲೋಟ ಹಿಡಿದು ನಿಂತಿದ್ದರು. ಅವರ ಬಳಗದ ಮನೆಗಳಲ್ಲಿ ಒಂದು ಪದ್ಧತಿ ಇತ್ತು, ಎತ್ತಿನ ಗಾಡಿಯ ಕಾಲದ್ದು. ಪರವೂರಿನಿಂದ ಗಾಡಿ ಬಂದು ನಿಂತರೆ ಮೊದಲ ನೀರು ಗಾಡಿ ಹೊಡೆದವನಿಗೆ. ಒಂದು ಲೋಟ ನೀರು, ಒಂದು ಚೂರು ಬೆಲ್ಲ, ಮನೆಯ ಯಜಮಾನ ತನ್ನ ಕೈಯಾರೆ ಕೊಡಬೇಕು. ಹೊಡೆದವನು ಆಳಾದರೂ ಸರಿ, ಅಳಿಯನಾದರೂ ಸರಿ. ಗಾಡಿಯೊಳಗೆ ಮಠದ ಸ್ವಾಮಿಗಳೇ ಕೂತಿದ್ದರೂ ಅವರ ಸರದಿ ಆಮೇಲೆ. ಅಷ್ಟು ಜೀವಗಳನ್ನು ಅಷ್ಟು ದೂರ ಕಾಪಾಡಿ ತಂದವನು ಅವನಲ್ಲವೆ? ಆಮೇಲೆ ಹಂಡೆಯ ಮೊದಲ ಬಿಸಿನೀರೂ ಅವನಿಗೇ. ಎಂಥ ಚಂದದ ಪದ್ಧತಿ! ಇವತ್ತಿಗೂ ನನಗೆ ಅದರ ಮೇಲೆ ಪ್ರೀತಿಯಿದೆ.

ಮಾವ ಲೋಟವನ್ನು ನಮ್ಮವರ ಕೈಗಿಟ್ಟರು. "ಭಲೇ, ಮೈಸೂರಿಂದ ಒಬ್ನೇ ಹೊಡ್ಕಂಡ್ ಬಂದ್ಬಿಟ್ಯಲ್ಲಪ್ಪಾ" ಎಂದರು. ಆ ಗಳಿಗೆಯಲ್ಲಿ ನಮ್ಮವರ ಮುಖ ನೋಡಿದೆ. ನಾನು ಬಾಯಿಬಿಡದೇ ಇದ್ದದ್ದು ಆ ಮುಖಕ್ಕಾಗಿ. ತಂದೆಯಿಲ್ಲದ ಹುಡುಗನಾಗಿ ದೊಡ್ಡಪ್ಪನ ಮನೆಯಲ್ಲಿ ಬೆಳೆದವರು. ಎತ್ತು ಕಂಡರೆ ಹೆದರುತ್ತಿದ್ದರಂತೆ. ಓರಗೆಯವರೆಲ್ಲ ಹಗ್ಗ ಹಿಡಿದು ಗಾಡಿ ಹೊಡೆದು ಬೆಲ್ಲ ತಿನ್ನುವಾಗ ಇವರು ಗಾಡಿಯ ಹಿಂದೆ ಹೆಂಗಸರ ಜೊತೆ ಕೂತಿರುತ್ತಿದ್ದರಂತೆ. ನಲವತ್ತರ ಹತ್ತಿರ ಬಂದು ಮೊದಲ ಸಲ ಆ ನೀರು ಕುಡಿದರು. ಕುಡಿಯಲಿ ಬಿಡು ಎಂದುಕೊಂಡೆ. ಅವರಿಗೆ ಅಭ್ಯಂಜನವಾಯಿತು, ಓಡಿಸಿ ದಣಿದ ಕಾಲಿಗೆ ಹರಳೆಣ್ಣೆ ತಿಕ್ಕಿದರು. ನೂರು ಮೈಲಿಗೂ ಹೆಚ್ಚು ಕ್ಲಚ್ ತುಳಿದ ನನ್ನ ಎಡಗಾಲು ಅಡುಗೆಮನೆಯಲ್ಲಿ ನಿಂತು ತೆಂಗಿನಕಾಯಿ ತುರಿಯಿತು.

ಕಡೂರಿನಲ್ಲಿದ್ದಾಗಲೇ ಒಂದು ಮಧ್ಯಾಹ್ನದ ಊಟಕ್ಕೆ ಹಿರೇನಲ್ಲೂರಿನ ನೆಂಟರ ಮನೆಗೆ ಹೋಗಿಬಂದೆವು. ಅಲ್ಲೂ ಊರಾಚೆಯ ಹುಣಸೆಮರದ ಕೆಳಗೆ ಸೀಟು ಬದಲಾಯಿತು. ಮಗಳು ಎಲ್ಲವನ್ನೂ ನೋಡುತ್ತಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ತರೀಕೆರೆಯಲ್ಲಿ ನಮ್ಮವರ ಅಕ್ಕನ ಮನೆ. ಅವರ ಗಂಡನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮಗಳಿಗಿಂತ ಸ್ವಲ್ಪ ದೊಡ್ಡವರಾದ ಇಬ್ಬರು ಗಂಡುಮಕ್ಕಳು. ಅಲ್ಲೂ ಊರ ಹೊರಗೆ ಫರ್ಲಾಂಗಿನ ನಾಟಕ ನಡೆಯಿತು, ನೀರು ಬೆಲ್ಲವೂ ನಡೆಯಿತು. ಮಾರನೆಯ ದಿನ ನಾನು ಅತ್ತಿಗೆಯ ಜೊತೆ ರೊಟ್ಟಿ ತಟ್ಟುತ್ತಿರುವಾಗ ಮಗಳು ಒಳಗೆ ಬಂದಳು. ಹಿಂದೆ ಆ ಇಬ್ಬರೂ ಹುಡುಗರು.

"ಅಮ್ಮ, ಹೇಳಮ್ಮ ಇವರಿಗೆ. ಕಾರು ಓಡಿಸಿದ್ದು ಯಾರು?"

ಅತ್ತಿಗೆಯ ಕೈ ಹಿಟ್ಟಿನ ಮೇಲೆ ನಿಂತಿತು. ಪಡಸಾಲೆಯಲ್ಲಿ ನಮ್ಮವರು ಪೇಪರ್ ಓದುತ್ತಿದ್ದರು. ಪೇಪರಿನ ಸದ್ದೂ ನಿಂತಿತು. ನಾನು ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್‌ನಲ್ಲಿ ಪ್ರೈಜ್ ತಗೊಂಡವಳು.

"ಅಪ್ಪಾನೇ ಕಣೇ" ಎಂದೆ.

ಹುಡುಗರು ಸುಳ್ಳಿ ಸುಳ್ಳಿ ಎಂದು ಕುಣಿದರು. ಅತ್ತಿಗೆ ನನ್ನ ಮಗಳ ಕಡೆ ನೋಡಿ, "ಈ ವಯಸ್ಸಿಗೇ ಇಷ್ಟ್ ಸುಳ್ಳು ಕಲ್ತಿದ್ದೀಯಲ್ಲೇ. ನಿಮ್ಮ್ ಕಾನ್ವೆಂಟಲ್ಲಿ ಇದ್ನೇ ಹೇಳ್ಕೊಡ್ತಾರಾ?" ಎಂದರು. ಮಾತು ಅವಳಿಗೆ, ಏಟು ನನಗೆ. ಮಗಳು ಅಳಲಿಲ್ಲ. ನನ್ನನ್ನು ನೋಡಿದಳು, ಅಷ್ಟೇ. ಯಾರೋ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ ನೋಡಿ ಹೊರಗೆ ಹೋದಳು. ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು.

ಆಮೇಲೆ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಜಡೆಯನ್ನು ತಾನೇ ಸೊಟ್ಟಸೊಟ್ಟ ಹೆಣೆದುಕೊಂಡಳು. ಅಜ್ಜಂಪುರದ ರಸ್ತೆಯಲ್ಲಿ ನನ್ನ ಹೆಗಲ ಮೇಲೆ ಗದ್ದ ಇರಲಿಲ್ಲ. ಮೈಲಿಗಲ್ಲನ್ನು ಯಾರೂ ಓದಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ನನ್ನ ಮೂವತ್ತೆರಡು ವರ್ಷಗಳಲ್ಲಿ ಅಷ್ಟು ಉದ್ದದ ರಸ್ತೆ ನಾನು ಓಡಿಸಿರಲಿಲ್ಲ. ನಿಜವಾಗಿ ಅದು ಹದಿನೈದು ಮೈಲಿಯೂ ಇರಲಾರದು.

ಊರ ಹೊರಗಿನ ತಿರುವು ಬಂತು. ನಮ್ಮವರು ಮ್ಯಾಪ್ ಮಡಿಸಿದರು. ಇಲ್ಲೇ ನಿಲ್ಲಿಸು ಎಂದರು. ನಾನು ನಿಲ್ಲಿಸಲಿಲ್ಲ.

"ಲೇ, ನಿಲ್ಸೇ. ದೊಡ್ಡಪ್ಪ ಬಾಗ್ಲಲ್ಲೇ ಇರ್ತಾರೆ."

"ಇರ್ಲಿ."

"ನನ್ ಮಾನದ ಪ್ರಶ್ನೆ ಕಣೇ."

"ಇವಳದ್ದು ತರೀಕೆರೇಲಿ ಹೋಯ್ತಲ್ಲ, ಅದನ್ನ ಯಾರ್ ಕೇಳ್ತಾರ್ರೀ?"

ಕನ್ನಡಿಯಲ್ಲಿ ಮಗಳು ಮೊದಲ ಸಲ ಮುಂದಕ್ಕೆ ನೋಡಿದಳು. ಮೂರನೇ ಗೇರಿನಲ್ಲಿ ಊರೊಳಗೆ ಹೋದೆ. ಸಿಟ್ ಅಪ್ ಸ್ಟ್ರೇಟ್ ಎಂದು ನನಗೆ ನಾನೇ ಹೇಳಿಕೊಂಡೆ.

ದೊಡ್ಡಪ್ಪ ಎತ್ತರದ ಆಳು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಬೆಲ್ಲ. ಹಿಂದೆ ದೊಡ್ಡಮ್ಮ, ಮನೆಯ ಹೆಂಗಸರು, ಎದುರುಮನೆಯವರು. ದೊಡ್ಡಪ್ಪ ನೇರ ಬಲಗಡೆಯ ಬಾಗಿಲಿಗೆ ಬಂದು ನಿಂತರು. ನಾನು ಇಳಿದೆ. ನಮ್ಮವರು ಆಚೆ ಬದಿಯಿಂದ ಇಳಿದು ಕಾರಿನ ಹಿಡಿಯನ್ನು ಕರವಸ್ತ್ರದಲ್ಲಿ ಒರೆಸುತ್ತಾ ನಿಂತರು, ಅದರಲ್ಲಿ ಬಹಳ ಕೊಳೆಯಿತ್ತು ಎನ್ನುವ ಹಾಗೆ.

"ಏನಪ್ಪಾ, ನೀನ್ ಆ ಕಡೆಯಿಂದ ಇಳೀತಿದ್ದೀಯ?" ದೊಡ್ಡಪ್ಪ ಕೇಳಿದರು. ನಮ್ಮವರು ಹಿಡಿ ಒರೆಸಿದರು.

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಎಲ್ಲಿಂದ ಹೊಡ್ದೆ ತಾಯಿ?"

"ಮೈಸೂರಿಂದ, ಮಾವ."

"ಪೂರ್ತಿ?"

"ಪೂರ್ತಿ. ಊರ ಬಾಗಿಲಲ್ಲಿ ಒಂದೊಂದು ಫರ್ಲಾಂಗ್ ಮಾತ್ರ ನಿಮ್ಮ ಮಗ."

ಎದುರುಮನೆಯ ಹೆಂಗಸೊಬ್ಬಳು ಸೆರಗು ಬಾಯಿಗಿಟ್ಟಳು. ದೊಡ್ಡಪ್ಪ ಲೋಟವನ್ನು ನೋಡಿದರು, ನನ್ನ ಕೈಯನ್ನು ನೋಡಿದರು. "ಇದನ್ನ ಹೆಣ್ಮಗಳ ಕೈಗೆ ಕೊಟ್ಟು ನಂಗ್ ಗೊತ್ತಿಲ್ಲ ಕಣವ್ವ" ಎಂದರು. ಸಿಟ್ಟಿನ ದನಿಯಲ್ಲ, ದಾರಿ ತಪ್ಪಿದವರ ದನಿ. ಲೋಟವನ್ನು ಬಾನೆಟ್ ಮೇಲಿಟ್ಟರು, ಪಕ್ಕದಲ್ಲಿ ಬೆಲ್ಲ ಇಟ್ಟರು. "ಹೊಡ್ದೋರ್ ಯಾರೋ ಅವ್ರು ತಗೊಳ್ಲಿ." ಹೇಳಿ ಒಳಗೆ ಹೋದರು.

ಕೊಡಲಿಲ್ಲ, ಕೊಡದೆಯೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೊಸೆಯಾದವಳು ಆ ಲೋಟವನ್ನು ಎತ್ತಿ ತಲೆ ತಗ್ಗಿಸಿ ಗಂಡನ ಕೈಗೆ ಕೊಟ್ಟಿದ್ದರೆ ಎಲ್ಲರೂ ಉಸಿರು ಬಿಡುತ್ತಿದ್ದರು. ಕಾದ ಬಾನೆಟ್ ಮೇಲೆ ಬೆಲ್ಲ ಕರಗತೊಡಗಿತ್ತು. ಅದನ್ನು ಬೆರಳಲ್ಲಿ ಕೆರೆದು ಬಾಯಿಗೆ ಹಾಕಿಕೊಂಡೆ. ನಿಂತಲ್ಲೇ ನೀರು ಕುಡಿದೆ, ತಳದವರೆಗೆ. ಆಮೇಲೆ ಟವೆಲ್ ತೆಗೆದುಕೊಂಡು ನೇರ ಬಚ್ಚಲಿಗೆ ಹೋದೆ. ಗಂಡಸರದ್ದು ಇನ್ನೂ ಆಗಿಲ್ಲ ಕಣೇ ಎಂದು ದೊಡ್ಡಮ್ಮ ಹಿಂದೆಯೇ ಬಂದರು. ಅಗಳಿ ಹಾಕಿದೆ. ಹಂಡೆಯ ನೀರಿನಲ್ಲಿ ಮುಕ್ಕಾಲು ಭಾಗ ನಾನೊಬ್ಬಳೇ ಹುಯ್ದುಕೊಂಡೆ. ಗ್ಲೋರಿಯಸ್!

ಈಗ ನನ್ನ ಮಂಡಿ ಒಂದು ಮಹಡಿ ಹತ್ತಲು ಬಿಡುವುದಿಲ್ಲ. ಲೈಸೆನ್ಸ್ ರಿನ್ಯೂ ಮಾಡಿಸಲು ಹೋದಾಗ ಕಣ್ಣಿನ ಡಾಕ್ಟರು ತಲೆಯಾಡಿಸಿದರು, ಥೇಟ್ ನನ್ನ ತಂದೆಯ ಕಣ್ಣೇ ನನಗೂ ಬಂದಿದೆ. ಆದರೆ ಆ ಬಚ್ಚಲಿನ ಹೊಗೆಯ ವಾಸನೆ, ಹೊರಗೆ ನಿಂತವರ ಗುಸುಗುಸು, ಬೆನ್ನಿನ ಮೇಲೆ ಬಿದ್ದ ಆ ಮೊದಲ ತಂಬಿಗೆ ನೀರು ಇವು ಇವತ್ತಿಗೂ ಬೇಕೆಂದಾಗ ಬರುತ್ತವೆ.

ಅಲ್ಲಿದ್ದ ಮೂರು ದಿನ ದೊಡ್ಡಪ್ಪ ನನ್ನ ಜೊತೆ ಮಾತಾಡಲಿಲ್ಲ. ಹೊರಡುವ ದಿನ ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಟೈರುಗಳನ್ನು ಕಾಲಲ್ಲಿ ಒದ್ದು ನೋಡಿ, ಬಿಸಿಲು ಜಾಸ್ತಿಯಾದರೆ ನೆರಳಲ್ಲಿ ನಿಲ್ಲಿಸಿಕೊಂಡು ಹೋಗಬೇಕು ಎಂದರು. ಹೇಳಿದ್ದು ಕಾರಿಗೆ. ಕೇಳಿಸಿಕೊಂಡಿದ್ದು ನಾನು. ನಮ್ಮವರು ಆ ಮೂರು ದಿನವೂ ಮೆತ್ತಗಿದ್ದರು. ಪಾಪ ಎನಿಸಿತು. ಪಾಪ ಎನಿಸಿದ್ದು ನಿಜ, ತಪ್ಪು ಮಾಡಿದೆ ಎನಿಸಲಿಲ್ಲ.

ಮಗಳು ಎರಡನೆಯ ದಿನವೇ ತಲೆ ಬಾಚಿಸಿಕೊಳ್ಳಲು ನನ್ನ ಮುಂದೆ ಬಂದು ಕೂತಿದ್ದಳು. ಬಾಚಣಿಗೆ ನೆತ್ತಿಯ ಮೇಲಿರುವಾಗ ಹೇಳಿದಳು: "ತರೀಕೆರೇಲಿ ಯಾರೂ ನೋಡ್ಲಿಲ್ಲವಲ್ಲಮ್ಮ."

ಹೌದು. ಅವಳನ್ನು ಸುಳ್ಳಿ ಎಂದದ್ದು ಅಜ್ಜಂಪುರದವರಲ್ಲ.

ಅಜ್ಜಂಪುರದಿಂದ ಮೈಸೂರಿಗೆ ಬೀರೂರಿನ ಮೇಲೆ ಹೋಗಬೇಕು. ತರೀಕೆರೆಗೆ ತಿರುಗಿದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ ಹಾಗೆ. ರಸ್ತೆ ಕವಲೊಡೆದಲ್ಲಿ ನಾನು ಇಂಡಿಕೇಟರ್ ಹಾಕಿದಾಗ ನಮ್ಮವರು ಬೀರೂರು ಆ ಕಡೆ ಎಂದರು. ಗೊತ್ತು ಎಂದೆ. ಅವರು ನನ್ನನ್ನು ನೋಡಿದರು, ಹಿಂದೆ ತಿರುಗಿ ಮಗಳನ್ನು ನೋಡಿದರು. ಸ್ವಲ್ಪ ದೂರ ಹೋದಮೇಲೆ, "ಮುಂದೆ ರಸ್ತೆ ಕಿತ್ತಿದೆ, ಬಲಕ್ಕೆ ತಗೋ" ಎಂದರು. ತರೀಕೆರೆ ಹತ್ತಿರವಾದಾಗ ಅವರು ನಿಲ್ಲಿಸು ಎನ್ನಲಿಲ್ಲ.

ಪೇಟೆ ಬೀದಿಯ ನಡುವೆ ಅತ್ತಿಗೆಯ ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಹಾರನ್ ಒತ್ತಿದೆ. ಅತ್ತಿಗೆ ಬಂದರು, ಹುಡುಗರಿಬ್ಬರೂ ಬಂದರು, ಅಕ್ಕಪಕ್ಕದ ಅಂಗಡಿಯವರೂ ಕತ್ತು ಹೊರಗೆ ಹಾಕಿದರು. ಕಿಟಕಿಯ ಗಾಜು ಇಳಿಸಿದೆ.

"ಅತ್ತಿಗೆ, ಅವತ್ತು ಸುಳ್ಳು ಹೇಳಿದ್ದು ನಾನು. ನನ್ನ ಮಗಳಲ್ಲ."

"ಇಷ್ಟ್ ಹೇಳಕ್ಕೆ ಅಲ್ಲಿಂದ ವಾಪಸ್ ಬಂದ್ಯಾ? ತಲೆ ಕೆಟ್ಟಿದ್ಯೇನೇ ನಿಂಗೆ?"

"ಹೌದು, ಅಷ್ಟಕ್ಕೇ ಬಂದೆ."

ಅತ್ತಿಗೆ ತಮ್ಮನ ಕಡೆ ನೋಡಿದರು. "ಅವಳೇ ಓಡ್ಸೋದು ಕಣಕ್ಕ" ಎಂದರು ನಮ್ಮವರು, ಮ್ಯಾಪಿನ ಕಡೆ ನೋಡುತ್ತಾ. ಹುಡುಗರು ಬಾಯಿ ತೆರೆದುಕೊಂಡು ಸ್ಟಿಯರಿಂಗ್ ಮೇಲಿನ ನನ್ನ ಕೈಗಳನ್ನೇ ನೋಡುತ್ತಿದ್ದರು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಆ ಮನೆಯ ಯಜಮಾನರು ಅಂಗಡಿಯಲ್ಲಿದ್ದರು, ಮನೆಯಲ್ಲಿ ಇದ್ದಿದ್ದರೂ ಲೋಟ ತರುತ್ತಿದ್ದರೆಂದು ನನಗೆ ಭರವಸೆಯಿಲ್ಲ.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಮಗಳು ಇಳಿದು, ಅತ್ತೆಯನ್ನೂ ಆ ಇಬ್ಬರು ಹುಡುಗರನ್ನೂ ದಾಟಿ, ಯಾರನ್ನೂ ಕೇಳದೆ ಮನೆಯೊಳಗೆ ಹೋದಳು. ಒಳಗೆ ಪಾತ್ರೆ ಬಿದ್ದ ಸದ್ದು ಕೇಳಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ತುಳುಕುವ ಸ್ಟೀಲ್ ಲೋಟ, ಇನ್ನೊಂದರಲ್ಲಿ ಅವಳ ಮುಷ್ಟಿಗಿಂತ ದೊಡ್ಡ ಬೆಲ್ಲದ ಹೆಂಟೆ. ಅಚ್ಚಿನಿಂದ ಹೇಗೆ ಒಡೆದಳೋ! ಕಿಟಕಿಯ ಹತ್ತಿರ ಬಂದು, ಹುಡುಗರ ಕಡೆ ಒಮ್ಮೆ ತಿರುಗಿ ನೋಡಿ, ಎರಡನ್ನೂ ನನ್ನ ಕೈಗೆ ಕೊಟ್ಟಳು.

ಬೇಗ ಕುಡಿ, ಬಿಸಿಲೇರುತ್ತೆ, ಹೋಗೋಣ ಎಂದರು ನಮ್ಮವರು ಮೆಲ್ಲಗೆ.

ನಾನು ಎಂಜಿನ್ ಆಫ್ ಮಾಡಿದೆ. ಇಡೀ ಬೀದಿ ನೋಡುತ್ತಿರುವಾಗ ಬೆಲ್ಲವನ್ನು ಹಲ್ಲಲ್ಲಿ ಕಚ್ಚಿ ಮುರಿದು, ನಿಧಾನವಾಗಿ, ಒಂದೊಂದೇ ಗುಟುಕು ಕುಡಿದೆ.